ಈಸ್ಟರ್ ಊಟಕ್ಕ ಯಾರನ್ನ ಕರೀಬೇಕು, ಎಲ್ಲಿ ಕೂಡಬೇಕು: ಲೂಕ 14 ಮನ್ಯಾಗ ನಡೆಸೋದು ಹೆಂಗ

ದೀನತೆ ಮ್ಯಾಲ ಒಂದು ಪ್ರಸಂಗ, ಜ್ಞಾನದ ಮ್ಯಾಲ ಒಂದು, ಪುನರುತ್ಥಾನದ, ಅಂದ್ರ ಸತ್ತವರು ಮತ್ತ ಜೀವ ಆಗಿ ಏಳೋದರ, ನಿರೀಕ್ಷೆ ಮ್ಯಾಲ ಈಸ್ಟರ್‌ಗೆ ಒಂದು, ಹಿಂಗ ಬ್ಯಾರೆ ಬ್ಯಾರೆನೇ ಕೇಳ್ಕೋತ ಬಂದೀವಿ ನಾವು. ಆದ್ರ ಮೂರೂ ಒಂದೇ ಊಟದ ಮನ್ಯಾಗ ಕೂಡೋ ಜಾಗ ಬೈಬಲ್‌ನಾಗ ಅದ ನೋಡ್ರಿ, ಲೂಕ 14, 7ನೇ ವಚನದಿಂದ 14ರ ತನಕ. ಸಬ್ಬತ್ ದಿನ (ಯೆಹೂದ್ಯರು ಕೆಲಸ ಬಿಡೋ ದಿನ), ಫರಿಸಾಯರ (ಧರ್ಮದ ನಿಯಮ ಕಟ್ಟುನಿಟ್ಟಾಗಿ ಪಾಲಿಸೋ ಯೆಹೂದ್ಯರ ಪಂಗಡ) ಮುಖಂಡ ಒಬ್ಬನ ಮನಿ, ಊಟಕ್ಕ ಬಂದವರೆಲ್ಲ ಮುಂದಿನ ಜಾಗ ಹಿಡಿಯಾಕ ನೋಡ್ಲತ್ತಾರ. ಯೇಸು ಅದನ್ನ ನೋಡಿ ಎರಡು ಮಾತು ಹೇಳ್ತಾನ. ಬಂದವರಿಗೆ, ಮದುವಿಗೆ ಕರೆದ್ರ ಹೋಗಿ ಕಡೀ ಜಾಗದಾಗ ಕೂಡ್ರಿ ಅಂತಾನ. ಕರೆದವನಿಗೆ, ಊಟ ಹಾಕೋದಿದ್ರ ಬೀಗರು ನೆಂಟರು ಸಾವಕಾರರನ್ನ ಕರೀಬ್ಯಾಡ, ಬಡವರು, ಅಂಗವಿಕಲರು, ಕುಂಟರು, ಕುರುಡರನ್ನ ಕರಿ, ಅವರ ಹತ್ರ ತಿರುಗಿ ಕೊಡಾಕ ಏನೂ ಇಲ್ಲ, ನಿನಗ ಕೊಡೋದು ನೀತಿವಂತರ ಪುನರುತ್ಥಾನದಾಗ ಸಿಗ್ತದ ಅಂತಾನ.

ಮೊದಲನೇ ಮಾತು ಹೊಸಾದೇನಲ್ಲ, ಜ್ಞಾನೋಕ್ತಿ 25:6-7ರಾಗ ರಾಜನ ಮುಂದ ದೊಡ್ಡಸ್ತಿಕಿ ತೋರಿಸಬ್ಯಾಡ, ದೊಡ್ಡವರ ಜಾಗದಾಗ ನಿಂದ್ರಬ್ಯಾಡ ಅಂತ ಮೊದ್ಲೇ ಅದ. ಅಂದ್ರ ಕೂಡೋ ಜಾಗದಾಗ ದೀನತೆ, ಅದರ ಬೇರು ಜ್ಞಾನದಾಗ, ಕೊಟ್ಟಿದ್ದರ ಲೆಕ್ಕ ಪುನರುತ್ಥಾನದಾಗ. ಓದಿ ಆಮೆನ್ ಅಂದು ಬೈಬಲ್ ಮುಚ್ಚೋದು ಸಸಾರ, ಮಾಡೋದು ಕಷ್ಟ, ಅದಕ್ಕ ಮನ್ಯಾಗ ಚರ್ಚ್‌ನಾಗ ಹೆಂಗ ಮಾಡಬಹುದು ಅಂತ ಒಂದೊಂದಾಗಿ ಬರೀಲತ್ತೀನಿ. ಮೆಥೋಡಿಸ್ಟರು ನಮ್ಮ ಬೀದರ್ ಕಡೆ ಬಂದು ನೂರು ವರ್ಷದ ಮ್ಯಾಲಾಯ್ತು, ಕಲಬುರಗಿ ಕ್ಯಾಥೊಲಿಕ್ ಧರ್ಮಪ್ರಾಂತ ಆಗಿದ್ದು 2005ರಾಗ, ನೀವು ಯಾವ ಚರ್ಚಿನವರಾದ್ರೂ ಇರ್ರಿ, ಲೂಕ 14 ಎಲ್ಲರ ಬೈಬಲ್‌ನಾಗೂ ಅದೇ ಅದ.

1. ಕುರ್ಚಿಯಿಂದ ಶುರು ಮಾಡ್ರಿ

ಹಳ್ಳಿ ಚರ್ಚ್‌ನಾಗ ಹೆಂಗಿರ್ತದ ಗೊತ್ತದಲ್ಲ, ನೆಲಕ್ಕ ಜಮಖಾನ, ಗಂಡಸರು ಒಂದು ಕಡೆ ಹೆಣ್ಮಕ್ಕಳು ಒಂದು ಕಡೆ, ಚಪ್ಪಲಿ ಹೊರಗ. ಪ್ಲಾಸ್ಟಿಕ್ ಕುರ್ಚಿ ಮೂಲ್ಯಾಗ ಒಂದರ ಮ್ಯಾಲ ಒಂದು ಪೇರಿಸಿಟ್ಟಿರ್ತಾರ. ಆರಾಧನಿ ನಡದಿರ್ತದ, ಬೀದರ್‌ಲಿಂದ ಯಾರೋ ಇಸ್ತ್ರಿ ಶರ್ಟ್ ಹಾಕ್ಕೊಂಡು ಕಾರಿನಿಂದ ಇಳಿದ್ರು ಅಂದ್ರ ಹುಡುಗರು ಓಡಿಹೋಗಿ ಒಂದು ಕುರ್ಚಿ ಎಳೀತಾರ, ಟಾವೆಲ್‌ಲಿಂದ ಧೂಳಾ ಝಾಡಿಸಿ ಮುಂದ ತಂದು ಇಡ್ತಾರ. ಅದೇ ಹೊತ್ತಿಗೆ ಮೊಣಕಾಲು ನೋವಿನ ಮುದುಕಿ ಒಬ್ಬಾಕಿ ಗೋಡಿಗೆ ಕೈ ಊರಿ ಊರಿ ನೆಲಕ್ಕ ಕೂಡ್ಲತ್ತಿರ್ತಾಳ, ಆಕಿ ಕಡೆ ಒಬ್ಬರೂ ನೋಡಂಗಿಲ್ಲ. ಯಾಕೋಬನ ಪತ್ರಿಕೆ 2ನೇ ಅಧ್ಯಾಯದ ಮೊದಲ ನಾಲ್ಕು ವಚನ ಇದೇ ಸೀನ್ ರೀ, ಚಿನ್ನದ ಉಂಗುರದವನಿಗೆ ಬರ್ರಿ ಇಲ್ಲಿ ಕೂಡ್ರಿ, ಹರಕ ಬಟ್ಟಿಯವನಿಗೆ ನೀ ಅಲ್ಲೇ ನಿಂದ್ರು.

ಮಾಡೋದಿಷ್ಟೇ. ಕಮಿಟಿಯವರು ಒಂದು ನಿಯಮ ಹಾಕ್ಕೊಳ್ರಿ, ಕುರ್ಚಿ ಮೊಣಕಾಲು ನೋವಿನವರಿಗೆ, ಬಸಿರಿ ಹೆಣ್ಮಕ್ಕಳಿಗೆ, ಆಪರೇಷನ್ ಆದವರಿಗೆ, ಆಮ್ಯಾಲ ಉಳಿದ್ರ ಬಾಕಿದವರಿಗೆ. ಆರಾಧನಿಗಿಂತ ಹತ್ತು ನಿಮಿಷ ಮೊದ್ಲೇ ಹಾಕಿ ಇಡ್ರಿ, ನಡುವ ಎದ್ದು ಎಳದಾಡೋದು ಬ್ಯಾಡ. ಕುರ್ಚಿ ಕೇಳಾಕ ಯಾರೂ ಬಾಯಿ ಬಿಡಂಗಿಲ್ಲ, ಮುದುಕರಂತೂ ಇಲ್ಲವೇ ಇಲ್ಲ, ನೀವೇ ಹೋಗಿ ಕೈ ಹಿಡಿದು ಕೂಡಿಸಬೇಕು. ಇನ್ನ ಸನ್ಮಾನ. ಶಾಲು, ಹಾರ, ಮೈಕ್‌ನಾಗ ಒಬ್ಬೊಬ್ಬರ ಹೆಸರು ಹುದ್ದಿ ಸಮೇತ ಓದೋದು, ಇದರಾಗೇ ಅರ್ಧ ತಾಸು ಹೋಗ್ತದ ನಮ್ಮ ಪ್ರೋಗ್ರಾಂನಾಗ. ಪೂರಾ ನಿಲ್ಲಿಸ್ರಿ ಅಂದ್ರ ಯಾರೂ ಕೇಳಂಗಿಲ್ಲ, ಕಡೀಪಕ್ಷ ಕಸ ಹೊಡಿಯೋರು ಗಂಟಿ ಬಾರಿಸೋರು ಇರ್ತಾರಲ್ಲ, ಅವರಿಂದ ಶುರು ಮಾಡ್ರಿ, ಮುಂದ ತಾನೇ ಕಮ್ಮಿ ಆಗ್ತದ.

ನೀವು ಇನ್ನೊಬ್ಬರ ಫಂಕ್ಷನ್‌ಗೆ ಹೋದಾಗ ಹಿಂದ ಕೂಡ್ರಿ. ಆದ್ರ ಇಲ್ಲೊಂದು ಮಜಾ ಅದ. ಕಡೀ ಸಾಲಿನಾಗ ಕುಂತು, ಯಾರಾದ್ರೂ ನೋಡ್ತಾರೇನು, ಬಂದು ಮುಂದ ಕರೀತಾರೇನು ಅಂತ ಕುತ್ತಿಗಿ ಉದ್ದ ಮಾಡೋರು ಇದ್ದಾರ, ಅದು ಮುಂದಿನ ಸೋಫಾನಾಗ ಕೂಡೋದಕ್ಕಿಂತ ದೊಡ್ಡ ಗರ್ವ ಅಂತೀನಿ ನಾನು. ಹಂಗೇ ಯಜಮಾನ್ರು ಬಂದು ಕರೆದಾಗ ಏ ಬ್ಯಾಡ್ರಿ, ನಾ ಇಲ್ಲೇ ಛಲೋ ಇದ್ದೀನಿ ಅಂತ ನಾಲ್ಕು ಸಲ ಕೈ ಎಳಸ್ಕೊಳ್ಳೋದೂ ನಾಟಕನೇ. ಒಂದು ಸಲ ಕರೆದ್ರ ಎದ್ದು ಹೋಗ್ರಿ, ಕರೀಲಿಲ್ಲಂದ್ರ ಉಂಡು ಬರ್ರಿ, ಮನಿಗೆ ಬಂದು ನಮಗ ಕಿಮ್ಮತ್ತು ಕೊಡಲಿಲ್ಲ ಅಂತ ಹೆಂಡ್ತಿ ಮುಂದ ಒದರಬ್ಯಾಡ್ರಿ.

2. ಜ್ಞಾನೋಕ್ತಿ ತಾರೀಖಿಗೊಂದು

ಜ್ಞಾನೋಕ್ತಿ ಪುಸ್ತಕದಾಗ 31 ಅಧ್ಯಾಯ ಅವ, ತಿಂಗಳ ತಾರೀಖಿಗೆ ಸರಿ ಹೊಂದ್ತದ. 9ನೇ ತಾರೀಖಿಗೆ 9ನೇ ಅಧ್ಯಾಯ, ಅಷ್ಟೇ, ಬುಕ್‌ಮಾರ್ಕ್ ಬ್ಯಾಡ ಆ್ಯಪ್ ಬ್ಯಾಡ. ಒಂದು ದಿನ ತಪ್ಪಿದ್ರ ಹಿಂದಿಂದು ಓದಾಕ ಹೋಗಬ್ಯಾಡ್ರಿ, ಅವತ್ತಿನ ತಾರೀಖು ಹಿಡೀರಿ. ರಾತ್ರಿ ರೊಟ್ಟಿ ಉಂಡಮ್ಯಾಲ ಯಾರಾದ್ರೂ ಒಬ್ಬರು ಜೋರಾಗಿ ಓದ್ರಿ, ಮನ್ಯಾಗ ಓದಾಕ ಬರದವರು ಇದ್ರ ಅವರಿಗೆ ಯಾವ ಮಾತು ಹಿಡಿಸ್ತು ಅಂತ ಮೊದ್ಲು ಕೇಳ್ರಿ. ಅಕ್ಷರ ಬರದ ನಮ್ಮ ಮುದುಕರು ಒಂದೊಂದು ಮಾತು ಹೇಳ್ತಾರ, ಬಿ.ಎ. ಬಿ.ಎಡ್. ಓದಿದವರು ಬಾಯಿ ಮುಚ್ಚಬೇಕು.

ಓದೋದಕ್ಕಿಂತ ಬಳಸೋದು ಮುಖ್ಯ. ಮೂರು ಜಾಗ ಹೇಳ್ತೀನಿ. ಕಮಿಟಿ ಮೀಟಿಂಗ್‌ನಾಗ 18:13, ಕೇಳೋದಕ್ಕಿಂತ ಮೊದ್ಲು ಉತ್ತರ ಕೊಡೋದು ಮೂರ್ಖತನ, ಹಂಗಾಗಿ ನಿಮಗಿಂತ ಕಮ್ಮಿ ಮಾತಾಡೋರು ಇಬ್ಬರು ಮಾತಾಡೋ ತನಕ ನೀವು ಸುಮ್ಮಕ ಇರ್ರಿ. ಮಗಳ ಸಂಬಂಧ, ಪ್ಲಾಟ್ ಖರೀದಿ, ಸಾಲ ಇಂಥಾದ್ದಕ್ಕ 15:22, ಸಲಹಿ ಕೇಳದ ಕೆಲಸ ಕೆಡ್ತದ, ಆದ್ರ ಹೌದಪ್ಪ ಅನ್ನೋರನ್ನೇ ಕೇಳಿದ್ರ ಏನು ಬಂತು, ನಿಮಗಿಂತ ಕಮ್ಮಿ ಪಗಾರದವರನ್ನ ಒಬ್ಬರನ್ನ ಕೇಳ್ರಿ, ನಿಮ್ಮ ಮಾತಿಗೆ ಅಡ್ಡ ಹೇಳೋರನ್ನ ಒಬ್ಬರನ್ನ ಕೇಳ್ರಿ. ಇನ್ನ ಮೂರನೇದು ಫ್ಯಾಮಿಲಿ ವಾಟ್ಸಾಪ್ ಗ್ರೂಪ್. 26:17ರಾಗ ತನಗ ಸಂಬಂಧ ಇಲ್ಲದ ಜಗಳಕ್ಕ ಕೈ ಹಾಕೋನು ನಾಯಿ ಕಿವಿ ಹಿಡದಂಗ ಅಂತದ, ಹಿಡಿದ್ರೂ ಕಚ್ತದ ಬಿಟ್ರೂ ಕಚ್ತದ. ಕಾಕಾ ಮತ್ತ ಮಾಮಾ ಹೊಲದ ಬಾಂದ ಸಲುವಾಗಿ ಗ್ರೂಪ್‌ನಾಗ ಜಗಳ ಆಡ್ಲತ್ತಿದ್ರ ನೀವು ಹೋಗಿ ಬೈಬಲ್ ವಚನದ ಫೋಟೊ ಹಾಕಬ್ಯಾಡ್ರಿ, ಕಿವಿ ಹಿಡಿಯೋದು ಅಂದ್ರ ಅದೇ.

ಯಾಕೋಬ 3:13ರಾಗ ಜ್ಞಾನಿ ಯಾರು ಅಂದ್ರ ಸೌಮ್ಯತೆಯಿಂದ ನಡ್ಕೊಂಡು ತೋರಿಸ್ಲಿ ಅಂತದ, ಮಾತಾಡಿ ತೋರಿಸ್ಲಿ ಅಂತ ಇಲ್ಲ. ಬೈಬಲ್ ಕ್ವಿಜ್‌ನಾಗ ಫಸ್ಟ್ ಬರೋದು ಬ್ಯಾರೆ ಇದು ಬ್ಯಾರೆ.

3. ಆಯಾರದ ಪುಸ್ತಕ ತೆಗೀರಿ

ನಿಜವಾದ ಕೆಲಸ ಇಲ್ಲಿಂದ ಶುರು. ನಮ್ಮ ಕಡೆ ಎಲ್ಲರ ಮನ್ಯಾಗೂ ಒಂದು ಹಳೇ ಡೈರಿ ಇರ್ತದ, ಟ್ರಂಕಿನಾಗೋ ತಿಜೋರಿ ಮ್ಯಾಲೋ, ರಬ್ಬರ್ ಬ್ಯಾಂಡ್ ಹಾಕಿದ್ದು. ಮದುವ್ಯಾಗ ಯಾರು ಎಷ್ಟು ಮುಯ್ಯಿ ಮಾಡಿದ್ರು, ಯಾರು ಸೀರಿ ಕೊಟ್ರು, ಯಾರು ಸ್ಟೀಲ್ ಭಾಂಡಿ ಕೊಟ್ರು ಎಲ್ಲಾ ಅದರಾಗ ಬರದಿರ್ತದ. ಹುಮನಾಬಾದ್ ಮಾಮಾ 501, ಶಹಾಪುರ ಅತ್ತಿ ಒಂದು ಜಂಪರ್ ಪೀಸ್, ಹಿಂಗ. ಅವರ ಮನ್ಯಾಗ ಕಾರ್ಯ ಬಂದಾಗ ಪುಸ್ತಕ ತೆಗೆದು ನೋಡಿ ಅಷ್ಟೇ ಅಥವಾ ಒಂದು ರೂಪಾಯಿ ಹೆಚ್ಚು ಕೊಡೋದು. ಇದು ಕೆಟ್ಟದ್ದು ಅಂತ ನಾ ಹೇಳಂಗಿಲ್ಲ, ಬಡವರ ಮನಿ ಮದುವಿ ಎಷ್ಟೋ ಸಲ ಇದರ ಮ್ಯಾಲೇ ನಡೀತಾವ. ಆದ್ರ ಯೇಸು ಹೇಳೋ ಊಟ ಈ ಪುಸ್ತಕದಾಗ ಬರೋದಲ್ಲ.

ಹಂಗಾಗಿ ಈಸ್ಟರ್‌ಗೆ ಮೂರು ವಾರ ಮೊದ್ಲು ಆ ಪುಸ್ತಕ ಮುಂದ ಇಟ್ಕೊಂಡು ಕೂಡ್ರಿ, ಬಾಜೂಕ ಒಂದು ಖಾಲಿ ಹಾಳಿ. ಪುಸ್ತಕದಾಗ ಇಲ್ಲದ ಹೆಸರು ಹಾಳ್ಯಾಗ ಬರೀರಿ. ಗಲ್ಲ್ಯಾಗಿನ ಗಂಡ ಸತ್ತ ಹೆಣ್ಮಗಳು, ಮಗ ಸೊಸಿ ಪುಣೆ ಮುಂಬೈ ಬೆಂಗಳೂರಿಗೆ ದುಡಿಯಾಕ ಹೋಗಿ ಮೊಮ್ಮಕ್ಕಳ ಜೋಡಿ ಉಳಿದ ಮುದುಕರು (ತೊಗರಿ ರಾಶಿ ಮುಗೀತು ಜೋಳಾ ಕಿತ್ತಾಯ್ತು ಅಂದ್ರ ಹೊಲದಾಗ ಕೂಲಿ ಇಲ್ಲ, ಯಾದಗಿರಿ ಕಡೆ ಹಳ್ಳಿ ಅರ್ಧ ಖಾಲಿ), ಊರಿಗೆ ಹೋಗದ ಹಾಸ್ಟೆಲ್ ಹುಡುಗರು, ಕಣ್ಣು ಕಾಣದವರು, ನಡಿಯಾಕ ಬರದವರು. ಚರ್ಚ್‌ಗೆ ಬರೋರೇ ಇರಬೇಕಂತ ಇಲ್ಲ, ಕ್ರಿಸ್ತನ ಪಟ್ಟ್ಯಾಗ ಜಾತಿ ಧರ್ಮ ಕೇಳಿಲ್ಲ. 5 ಮನಿ ಆದ್ರ ಸಾಕು, 20-25 ಮಂದಿ ಆಗ್ತಾರ, ಒಂದು ಮನಿ ಕೈಲಿ ಆಗೋವಷ್ಟು.

ಕರೆಯೋದು ಹೆಂಗ ಅನ್ನೋದರಾಗ ಅರ್ಧ ದೀನತೆ ಅದ. ದಾರ್‍ಯಾಗ ಸಿಕ್ಕಾಗ ಐತಾರ ಊಟಕ್ಕ ಬಾ ಅಂದ್ರ ಅದು ಕರದಂಗಲ್ಲ. ಬೀಗರನ್ನ ಹೆಂಗ ಕರೀತೀರಿ ಹಂಗ, ಮನಿಗೆ ಹೋಗಿ, ಕುಂತು, ಚಹಾ ಕೊಟ್ರ ಕುಡಿದು, ಎಲ್ಲಾರೂ ಬರಬೇಕ್ರಿ ಅಂತ ಮಂದಿ ಲೆಕ್ಕ ಕೇಳಿ ಬರ್ರಿ. ಬಡವರಿಗೆ ಊಟ ಹಾಕ್ಲತ್ತೀವಿ ಅನ್ನೋ ಮಾತು ಬಾಯಿಗೆ ಬರಬಾರದು, ಈಸ್ಟರ್ ಹಬ್ಬದ ಊಟ ಅನ್ರಿ ಸಾಕು. ನಡಿಯಾಕ ಬರದವರಿಗೆ ಆಟೋ ಹೇಳ್ರಿ, ಬಾಡಗಿ ಹೋಗೋದೂ ಬರೋದೂ ಎರಡೂ ಮೊದ್ಲೇ ಆಟೋದವನ ಕೈಯಾಗ ಕೊಡ್ರಿ, ಅವರ ಮುಂದ ರೊಕ್ಕ ಎಣಿಸೋದು ಬ್ಯಾಡ.

4. ಅಡಗಿ, ಪಂಕ್ತಿ, ಪಾತ್ರೆ

ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವ ಬರ್ತದ, 2027ರಾಗ ಮಾರ್ಚ್ 28, 2028ರಾಗ ಏಪ್ರಿಲ್ 16. ನಮ್ಮ ಕಡೆ ಆಗ ಬಿಸಲು ಹೆಂಗಿರ್ತದ ಹೇಳಬೇಕಾಗಿಲ್ಲ, ಏಪ್ರಿಲ್‌ನಾಗ 40 ಡಿಗ್ರಿ ದಾಟ್ತದ. ಮಧ್ಯಾಹ್ನ 1ಕ್ಕ ಮುದುಕರನ್ನ ಕರೀಬ್ಯಾಡ್ರಿ, ಆರಾಧನಿ ಮುಗಿದ ಕೂಡ್ಲೇ 11ರ ಸುಮಾರು, ಇಲ್ಲಂದ್ರ ಸಂಜಿ 7ಕ್ಕ. 25 ಮಂದಿಗೆ ರೊಟ್ಟಿ ಇದ್ರ ಅಕ್ಕಿ 2.5 ಕಿಲೋ ಸಾಕು, ಬರೇ ಅನ್ನ ಇದ್ರ 3.5 ಕಿಲೋ. ಬಗಾರಾ ಅನ್ನ, ದಾಲ್ಚಾ, ಚಿಕನ್, ಮಜ್ಜಿಗಿ, ಇಷ್ಟಿದ್ರ ಹಬ್ಬ ಆಯ್ತು. ಮುಸ್ಲಿಂ ಮನಿಯವರು ಬರೋದಿದ್ರ ಹಲಾಲ್ ಅಂಗಡ್ಯಾಗೇ ತರ್ರಿ, ಲಿಂಗಾಯತರು ಇದ್ರ ಅವರ ಪಲ್ಯಾಕ್ಕ ಬ್ಯಾರೆ ಪಾತ್ರೆ ಬ್ಯಾರೆ ಸೌಟು, ಮೊದ್ಲೇ ಹೇಳಿಬಿಡ್ರಿ, ಅವರು ಅನುಮಾನದಾಗ ಉಣಬಾರದು. ಹಲ್ಲಿಲ್ಲದವರಿಗೆ ಮೆತ್ತನ ಅನ್ನ, ಸಕ್ಕರಿ ಕಾಯಿಲೆ ಇದ್ದವರಿಗೆ ಶಿರಾ ಹಾಕೋಕಿಂತ ಮೊದ್ಲು ಕೇಳೋದು. ಕಣ್ಣು ಕಾಣದವರ ಬಾಜೂಕ ಒಬ್ಬರು ಕುಂತು, ಬಲಕ್ಕ ಅನ್ನ ಅದ, ಎಡಕ್ಕ ಪಲ್ಯ, ನೀರು ನಿಮ್ಮ ಬಲಗೈ ಮುಂದ ಅಂತ ಒಂದು ಸಲ ಹೇಳಬೇಕು, ಆಮ್ಯಾಲ ಅವರ ಪಾಡಿಗೆ ಉಣಾಕ ಬಿಡಬೇಕು, ತುತ್ತು ತುತ್ತಿಗೆ ಕೈ ಹಾಕಬಾರದು.

ಪಂಕ್ತಿ ಒಂದೇ. ನೀವೂ ಅದೇ ಸಾಲಿನಾಗ ಅದೇ ಪ್ಲೇಟಿನಾಗ ಉಣ್ಣಬೇಕು, ಅವರು ಉಂಡು ಹೋದಮ್ಯಾಲ ಒಳಗ ಬ್ಯಾರೆ ಊಟ ಅಲ್ಲ. ಬೀದರ್‌ನ ನಾನಕ್ ಝೀರಾ ಗುರುದ್ವಾರದಾಗ ಲಂಗರ್ ಉಂಡು ಬಂದವರಿಗೆ, ಕಲಬುರಗಿ ಶರಣಬಸವೇಶ್ವರ ಗುಡ್ಯಾಗ ದಾಸೋಹಕ್ಕ ಕುಂತವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲಿ ಬಾಜೂಕ ಯಾರು ಕುಂತಾರ ಅಂತ ಯಾರೂ ನೋಡಂಗಿಲ್ಲ. ಈ ವಿಷಯದಾಗ ನಾವು ಕ್ರೈಸ್ತರು ಅವರ ಹತ್ರ ಕಲಿಯೋದು ಭಾಳ ಅದ, ಹೇಳಿದ್ರ ಕೆಲವರಿಗೆ ಸಿಟ್ಟು ಬರ್ತದ, ಬರ್ಲಿ.

ಊಟದ ಮುಂದ ಸಣ್ಣ ಪ್ರಾರ್ಥನಿ, ಎರಡು ನಿಮಿಷ. ಪ್ಲೇಟ್ ಮುಂದ ಇಟ್ಟು ಸಾಕ್ಷಿ ಹೇಳೋದು, ಪ್ರಸಂಗ ಮಾಡೋದು ಬ್ಯಾಡ, ಹಸದವರು ಎದ್ದು ಹೋಗಾಕ ಆಗಂಗಿಲ್ಲ ಅಂತ ಅವರಿಗೆ ಉಪದೇಶ ಹಾಕೋದು ಅನ್ಯಾಯ. ಯಾರಾದ್ರೂ ತಾವಾಗೇ ಯಾಕ ಕರೆದ್ರಿ ಅಂತ ಕೇಳಿದ್ರ ಖುಷಿಯಿಂದ ಹೇಳ್ರಿ. ಫೋಟೊ ತೆಗೀಬ್ಯಾಡ್ರಿ. ಸ್ಟೇಟಸ್‌ಗೆ ಹಾಕಿದ್ರ ನಿಮಗ ಬರಬೇಕಾಗಿದ್ದು ಅಲ್ಲೇ ಬಂದುಬಿಡ್ತು, ಮತ್ತಾಯ 6ರಾಗ ತುತೂರಿ ಊದಿಸಿ ದಾನ ಮಾಡೋರ ಬಗ್ಗೆ ಹೇಳಿದ್ದು ಇದೇ.

ಮತ್ತ ಪಾತ್ರೆ. ಯೋಹಾನ 13ರಾಗ ಗುರು ಸೊಂಟಕ್ಕ ಟಾವೆಲ್ ಕಟ್ಕೊಂಡು ಶಿಷ್ಯರ ಕಾಲು ತೊಳದ. ಪವಿತ್ರ ಗುರುವಾರ ಚರ್ಚ್‌ನಾಗ ಪಾದ ತೊಳಿಯೋದು ನೋಡಿ ಕಣ್ಣಾಗ ನೀರು ತರೋ ಗಂಡಸರು ಮೂರು ದಿನ ಆದಮ್ಯಾಲ ಹಬ್ಬದ ಮನ್ಯಾಗ ಹಲ್ಲಾಗ ಕಡ್ಡಿ ಹಾಕ್ಕೊಂಡು ಕಟ್ಟಿ ಮ್ಯಾಲ ಕುಂತಿರ್ತಾರ, ಒಳಗ ಹೆಣ್ಮಕ್ಕಳು ಬಿರಿಯಾನಿ ಡೇಗ್ ತಿಕ್ಕಲತ್ತಿರ್ತಾರ. ಇದೊಂದು ಸಲ ಗಂಡಸರು ಡೇಗ್ ತಿಕ್ಕ್ರಿ. ತಳಕ್ಕ ಹತ್ತಿದ್ದು ಬಿಡಬೇಕಂದ್ರ ಬಿಸಿ ನೀರು ಹಾಕಿ ಅರ್ಧ ತಾಸು ನೆನಸ್ರಿ, ಬೂದಿ ಇದ್ರ ಇನ್ನೂ ಛಲೋ.

5. ಅವರು ಕೊಟ್ರ ತಗೋರಿ

ಬರೋ ಹೆಣ್ಮಗಳು ಎರಡು ಬಾಳಿಹಣ್ಣು, ಒಂದು ಟೆಂಗು ಕೈಯಾಗ ಹಿಡ್ಕೊಂಡೇ ಬರ್ತಾಳ, ಖಾಲಿ ಕೈಲಿ ಬರೋದು ನಮ್ಮ ಮಂದಿಗೆ ಆಗಂಗಿಲ್ಲ. ಇದೆಲ್ಲಾ ಯಾಕ ತಂದಿ, ವಾಪಸ್ ಒಯ್ಯಿ ಅನ್ನಬ್ಯಾಡ್ರಿ. ಎರಡೂ ಕೈಲಿ ತಗೊಂಡು ಅವತ್ತೇ ಎಲ್ಲಾರ ಮುಂದ ಹಂಚಿ ತಿನ್ರಿ. ಮುಂದ ಆಕಿ ಮನಿಗೆ ಕರೆದ್ರ ಹೋಗಿ ಉಂಡು ಬರ್ರಿ. ಕೊಡೋನಾಗೇ ಇರಬೇಕು, ತಗೊಳ್ಳೋನಾಗಬಾರದು ಅನ್ನೋ ಹಟ ಬಡವರಿಗಿಂತ ಇದ್ದವರಿಗೆ ಹೆಚ್ಚು. ಪುಸ್ತಕದಾಗ ಮಾತ್ರ ಬರೀಬ್ಯಾಡ್ರಿ.

6. ಮಣ್ಣಿಗೆ ಹೋದಾಗ

ಪುನರುತ್ಥಾನದ ನಿರೀಕ್ಷೆ ಖರೇ ಅದನೋ ಇಲ್ಲೋ ಗೊತ್ತಾಗೋದು ಸಾವಿನ ಮನ್ಯಾಗ. ಅಲ್ಲಿ ನಾವು ಆಡೋ ಮಾತು ಕೆಲವು ಸಲ ಗಾಯಕ್ಕ ಖಾರ ಹಾಕ್ದಂಗ ಇರ್ತಾವ. ದೇವರ ಚಿತ್ತ, ಅಳಬ್ಯಾಡ್ರಿ, ನಾವು ವಿಶ್ವಾಸಿಗಳು. ಸತ್ತ ಗೆಳೆಯ ಲಾಜರನ ಗೋರಿ ಹತ್ರ ಇನ್ನು ಸ್ವಲ್ಪ ಹೊತ್ತಿನಾಗ ಇವನನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ರೂ ಯೇಸು ಅತ್ತ, ಯೋಹಾನ 11:35. 1 ಥೆಸಲೋನಿಕ 4:13ರಾಗ ಪೌಲ ಅಳಬ್ಯಾಡ್ರಿ ಅಂದಿಲ್ಲ, ನಿರೀಕ್ಷೆ ಇಲ್ಲದವರಂಗ ದುಃಖಪಡಬ್ಯಾಡ್ರಿ ಅಂದಾನ. ಹೋಗಿ ಬಾಜೂಕ ಕೂಡ್ರಿ, ಅತ್ರ ಅಳಾಕ ಬಿಡ್ರಿ, ಮಾತು ಬರಲಿಲ್ಲಂದ್ರ ಸುಮ್ಮಕ ಇರ್ರಿ.

ಕೈ ಕೆಲಸ ಭಾಳ ಇರ್ತದ. ಆ ಮನ್ಯಾಗ ಒಲಿ ಹಚ್ಚಂಗಿಲ್ಲ, ಊಟ ಚಹಾ ಯಾರ ಮನಿಯಿಂದ ಬರ್ತದ ಅಂತ ಮೊದ್ಲೇ ಪಾಳಿ ಹಾಕ್ಕೊಳ್ರಿ. ಕುಣಿ ತೋಡೋರಿಗೆ ಕೊಡೋ ರೊಕ್ಕ, ಪೆಟ್ಟಿಗಿ ರೊಕ್ಕ ಮನಿಯವರ ಹತ್ರ ಇಲ್ಲಂದ್ರ ಕಮಿಟಿಯಿಂದ ಕೊಡ್ರಿ, ಆದ್ರ ಚರ್ಚ್‌ನಾಗ ಅನೌನ್ಸ್ ಮಾಡಬ್ಯಾಡ್ರಿ. 21 ದಿನದ ಒಳಗ ಪಂಚಾಯ್ತಿ ಅಥವಾ ನಗರಸಭೆಯಾಗ ಮರಣ ನೋಂದಣಿ ಮಾಡಿಸಿದ್ರ ಫೀಸ್ ಇಲ್ಲ, ಅದು ದಾಟಿದ್ರ ದಂಡ, ಅಫಿಡವಿಟ್ಟು, ಓಡಾಟ ಶುರು, ಅದಕ್ಕ ಓದು ಬರೋ ಹುಡುಗ ಒಬ್ಬನನ್ನ ಆ ಮನಿಯವರ ಜೋಡಿ ಕಳಿಸ್ರಿ. ಗಂಡ ಸತ್ತ ಹೆಣ್ಮಗಳಿಗೆ ವಿಧವಾ ವೇತನದ ಅರ್ಜಿ ನಾಡಕಚೇರ್‍ಯಾಗ ಹಾಕಬೇಕು, ಆಧಾರ್, ರೇಶನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಗಂಡನ ಮರಣ ಪತ್ರ ಕೂಡಿಸಿ ಇಡ್ರಿ. ಮೂರನೇ ದಿನ ಎಲ್ಲಾರೂ ಬರ್ತಾರ, ಮೂರನೇ ವಾರ ಯಾರೂ ಬರಂಗಿಲ್ಲ, ನೀವು ಮೂರನೇ ವಾರಕ್ಕ ಹೋಗ್ರಿ.

1 ಕೊರಿಂಥ 15 ಓದೋದಿದ್ರ ಪೂರಾ ಓದ್ರಿ, ಕಡೀ ವಚನ 58 ಬಿಡಬ್ಯಾಡ್ರಿ. ಹೀನವಾಗಿ ಬಿತ್ತಿದ್ದು ಮಹಿಮೆಯಿಂದ ಏಳ್ತದ ಅಂತ 43ನೇ ವಚನ ಹೇಳ್ತದ, ಮೃಗಶಿರ ಮಳಿಗೆ ತೊಗರಿ ಬಿತ್ತಿ ಡಿಸೆಂಬರ್ ತನಕ ದಾರಿ ಕಾಯೋ ನಮ್ಮ ಮಂದಿಗೆ ಈ ಬಿತ್ತೋ ಮಾತು ಯಾವ ಪಾಸ್ಟರ್ ಬಂದೂ ಬಿಡಿಸಿ ಹೇಳಬೇಕಾಗಿಲ್ಲ. ಆದ್ರ ಅಷ್ಟಕ್ಕೇ ನಿಲ್ಲಂಗಿಲ್ಲ ಪೌಲ, 58ರಾಗ ಅದಕ್ಕೇ ಗಟ್ಟಿಯಾಗಿರ್ರಿ, ನಿಮ್ಮ ದುಡಿಮೆ ವ್ಯರ್ಥ ಅಲ್ಲ ಅಂತಾನ, ಮುಂದಿನ ಅಧ್ಯಾಯದ ಮೊದಲನೇ ವಚನದಾಗೇ ಜೆರುಸಲೇಮ್‌ನವರಿಗೆ ಚಂದಾ ಕೂಡಿಸೋ ಮಾತು. ಪುನರುತ್ಥಾನದ ಮಾತು ಮುಗಿದ ಕೂಡ್ಲೇ ರೊಕ್ಕದ ಮಾತು, ನನಗ ಇದು ಭಾಳ ಹಿಡಿಸ್ತದ. ಮತ್ತ ಏಳೋದು ಬರೇ ಆತ್ಮ ಅಲ್ಲ, ದೇಹ. ಹಂಗಾದ್ರ ಕುಂಟೋ ಕಾಲು, ಕಾಣದ ಕಣ್ಣು, ಮುದುಕಿ ಮೊಣಕಾಲು ಇವೆಲ್ಲ ದೇವರ ಲೆಕ್ಕದಾಗ ಅವ, ನಮ್ಮ ಕುರ್ಚಿ ಲೆಕ್ಕದಾಗ ಯಾಕಿಲ್ಲ?

ಈಸ್ಟರ್ ನಸುಕಿನಾಗ ಮೇಣದಬತ್ತಿ ಹಚ್ಕೊಂಡು ಸ್ಮಶಾನಕ್ಕ ಹೋಗೋ ಪದ್ಧತಿ ಇದ್ದ ಊರಿನಾಗ ಒಂದು ಕೆಲಸ ಹೆಚ್ಚಿಗಿ ಮಾಡ್ರಿ. ಶನಿವಾರ ನಿಮ್ಮ ಮನಿಯವರ ಸಮಾಧಿಗೆ ಸುಣ್ಣಾ ಹಚ್ಚಾಕ ಹೋದಾಗ ಬಾಜೂಕ ಯಾರೂ ಬರದ ಸಮಾಧಿ ಒಂದರ ಜಾಲಿ ಕಡಿದು ಅದಕ್ಕೂ ಸುಣ್ಣಾ ಹಚ್ಚ್ರಿ. ಬಿಸಲು ಏರೋಕಿಂತ ಮೊದ್ಲು, 7ಕ್ಕೇ ಹೋಗ್ರಿ, ಕುಡಗೋಲು, ಬಕೆಟ್, ಕುಡಿಯಾಕ ನೀರು ಒಯ್ಯಿರಿ, ಕಾಲಿಗೆ ಬೂಟು ಇರ್ಲಿ, ಚೇಳು ಇರ್ತಾವ.

7. ಕರದವರು ಬರಲಿಲ್ಲಂದ್ರ

ಇದೂ ಆಗ್ತದ. ಐದು ಮನ್ಯಾಗ ಎರಡು ಮನಿಯವರೇ ಬಂದ್ರು ಅನ್ಕೊಳ್ರಿ, ಕೆಲವರಿಗೆ ನಾಚಿಕಿ, ಕೆಲವರಿಗೆ ಇವತ್ತು ಊಟ ಹಾಕಿ ನಾಳೆ ಏನು ಕೇಳ್ತಾರೋ ಅನ್ನೋ ಅನುಮಾನ, ಅದೂ ಸುಳ್ಳಲ್ಲ, ಹಂಗ ಕೇಳಿದವರು ಇದ್ದಾರ. ಬ್ಯಾಸರ ಮಾಡ್ಕೋಬ್ಯಾಡ್ರಿ, ಲೂಕ 14ರಾಗ ಮುಂದಿನ ಕಥಿನೇ ಅದು, ಒಬ್ಬ ಹೊಲ ಖರೀದಿ ಮಾಡೀನಿ ಅಂದ, ಇನ್ನೊಬ್ಬ ಐದು ಜೋಡಿ ಎತ್ತು ತಗೊಂಡೀನಿ ಅಂದ, ಮತ್ತೊಬ್ಬ ಈಗಷ್ಟೇ ಮದುವಿ ಆಗೀನಿ ಅಂದ. ಯಜಮಾನ ಊಟ ಮುಚ್ಚಿಡಲಿಲ್ಲ, ಆಳಿಗೆ ಓಣಿಗೆ ಹೋಗಿ ಕರ್ಕೊಂಡು ಬಾ ಅಂದ. ನೀವೂ ಡಬ್ಬಿ ತುಂಬ್ರಿ. ಜಿಲ್ಲಾ ಆಸ್ಪತ್ರಿ ವರಾಂಡದಾಗ ಪೇಶೆಂಟ್ ಜೋಡಿ ಬಂದ ಹಳ್ಳಿ ಮಂದಿ ಚಾಪಿ ಹಾಸ್ಕೊಂಡು ಕುಂತಿರ್ತಾರ, ಮೊದ್ಲು ಅಲ್ಲಿ ವಾಚ್‌ಮನ್‌ಗೆ ಕೇಳ್ರಿ, ಪೇಶೆಂಟ್‌ಗೆ ಕೊಡಬ್ಯಾಡ್ರಿ, ಜೋಡಿ ಬಂದವರಿಗೆ ಕೊಡ್ರಿ. ಚಿಕನ್ ಮತ್ತ ಅನ್ನ ಬ್ಯಾರೆ ಬ್ಯಾರೆ ಡಬ್ಬ್ಯಾಗ ಕಟ್ಟ್ರಿ, ಒಲಿಯಿಂದ ಇಳಿಸಿ ಒಂದು ತಾಸಿನ ಒಳಗ ಮುಟ್ಟಿಸ್ರಿ, ಆ ಬಿಸಲಾಗ ಅದಕ್ಕಿಂತ ಹೆಚ್ಚು ಇಟ್ರ ಹಳಸ್ತದ. ಡಬ್ಬಿ ವಾಪಸ್ ಕೇಳಬ್ಯಾಡ್ರಿ, ಹಳೇ ಐಸ್‌ಕ್ರೀಮ್ ಡಬ್ಬಿ ಈಗಿಂದಲೇ ಕೂಡಿಸಿ ಇಟ್ಕೊಳ್ರಿ.